ಬ್ಯಾಟ್‌ಮನ್ ಬಡವನಾದ ಮೇಲೆ

ಎಂಬತ್ತೈದು ವರ್ಷ ಕುಬೇರನಾಗಿ ಬಾಳಿದ ಬ್ರೂಸ್ ವೇನ್ 2024ರ ಅಕ್ಟೋಬರ್‌ನಲ್ಲಿ ಬಡವನಾದ. ಸ್ಕಾಟ್ ಸ್ನೈಡರ್ ಕಥೆ ಬರೆದು ನಿಕ್ ಡ್ರಗೊಟ್ಟಾ ಚಿತ್ರ ಬರೆದ 'ಅಬ್ಸಲ್ಯೂಟ್ ಬ್ಯಾಟ್‌ಮನ್' ಎಂಬ ಹೊಸ ಕಾಮಿಕ್‌ನಲ್ಲಿ ಅವನಿಗೆ ಬಂಗಲೆಯಿಲ್ಲ, ಕೈಗೊಬ್ಬ ಕಾಲಿಗೊಬ್ಬ ಆಳಿಲ್ಲ, ನೆಲಮಾಳಿಗೆಯ ತುಂಬ ಯಂತ್ರಗಳಿಲ್ಲ. ತಂದೆ ಶಾಲೆಯ ಮೇಷ್ಟ್ರು. ಮಕ್ಕಳನ್ನು ಮೃಗಾಲಯಕ್ಕೆ ಕರೆದುಕೊಂಡು ಹೋಗಿದ್ದ ದಿನ ಒಬ್ಬ ಬಂದೂಕುಧಾರಿಯ ಗುಂಡಿಗೆ ಬಲಿಯಾದವರು. ತಾಯಿ ಬದುಕಿದ್ದಾಳೆ, ಊರಿನ ಸಾರ್ವಜನಿಕ ಕೆಲಸದಲ್ಲಿದ್ದಾಳೆ. ಮಗ ಎಂಜಿನಿಯರಿಂಗ್ ಕಲಿತು ಗೋಥಮ್ ನಗರದ ಕಾಮಗಾರಿಗಳಲ್ಲಿ ದುಡಿಯುತ್ತಾನೆ. ಹಣವೆಲ್ಲ ಈಗ ಜೋಕರ್‌ನ ಬಳಿ ಇದೆ, ಮತ್ತು ಈ ಜೋಕರ್ ನಗುವುದೇ ಇಲ್ಲ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯ ಓದುಗರಿಗೆ ಈ ಬ್ರೂಸ್ ಹಳೆಯ ಬ್ರೂಸ್‌ಗಿಂತ ಹತ್ತಿರದವನು. ಮೇಷ್ಟ್ರ ಮಗ ಕಷ್ಟಪಟ್ಟು ಎಂಜಿನಿಯರ್ ಆಗುವ ಕಥೆ ನಮ್ಮ ಬೀದಿಬೀದಿಯ ಕಥೆ. ಮಲೆನಾಡು ಎಂಜಿನಿಯರಿಂಗ್ ಕಾಲೇಜು ಹಾಸನದಲ್ಲಿ 1960ರಲ್ಲೇ ಶುರುವಾಯಿತು. ಅಂದಿನಿಂದ ಈ ಜಿಲ್ಲೆಯ ಎಷ್ಟೋ ಮನೆಗಳು ಸೇತುವೆ, ಕಾಲುವೆ, ರಸ್ತೆಗಳ ಲೆಕ್ಕ ಹಾಕುವವರನ್ನು ಕಂಡಿವೆ. ಹೊಸ ಬ್ಯಾಟ್‌ಮನ್‌ನ ನಿಜವಾದ ಶಕ್ತಿ ಇರುವುದೂ ಅಲ್ಲೇ. ಯಾವ ಮೋರಿ ಎಲ್ಲಿಗೆ ಹೋಗುತ್ತದೆ, ಯಾವ ತೊಲೆ ಎಷ್ಟು ಭಾರ ತಡೆಯುತ್ತದೆ, ಯಾವ ಕಟ್ಟಡಕ್ಕೆ ಎಲ್ಲಿಂದ ನುಗ್ಗಬಹುದು ಎಂಬುದು ಅವನಿಗೆ ಗೊತ್ತು. ದುಡ್ಡಿನಿಂದ ಕೊಂಡುಕೊಂಡ ಬಲಕ್ಕಿಂತ ತನ್ನೂರನ್ನು ಬಲ್ಲ ಬಲ ದೊಡ್ಡದು ಎಂಬ ಈ ಒಂದು ಬದಲಾವಣೆ, ಸವೆದುಹೋಗಿದ್ದ ಪಾತ್ರಕ್ಕೆ ಮತ್ತೆ ಜೀವ ಕೊಟ್ಟಿದೆ.

ಸೂಪರ್‌ಹೀರೊ ಕಥೆ ನಿಲ್ಲುವುದು ವೀರನ ತೋಳಿನ ಮೇಲಲ್ಲ, ಅವನ ಊರಿನ ಮೇಲೆ ಎಂದು ನಾನು ನಂಬಿದ್ದೇನೆ. ಊರು ಗಟ್ಟಿಯಾಗಿದ್ದರೆ ಮುಸುಕು ಹಾಕಿಕೊಂಡವನ ಮೇಲೂ ನಂಬಿಕೆ ಬರುತ್ತದೆ. ಇತ್ತೀಚಿನ ಪುಸ್ತಕಗಳನ್ನು ನಾನು ಅಳೆಯುವುದು ಇದೇ ಮಾನದಂಡದಿಂದ.

ಹಾಗೆಂದು 'ಅಬ್ಸಲ್ಯೂಟ್ ಬ್ಯಾಟ್‌ಮನ್' ದೋಷವಿಲ್ಲದ ಪುಸ್ತಕವೇನಲ್ಲ. ಬೇನ್ ಎಂಬ ದೈತ್ಯ ಬರುವ ಭಾಗದಲ್ಲಿ ಹಿಂಸೆ ಕಥೆಯ ಅಗತ್ಯವನ್ನು ಮೀರಿ ಹರಿಯುತ್ತದೆ. ಮೂಳೆ ಮುರಿಯುವ ಸದ್ದು ಒಮ್ಮೆ ಕೇಳಿದರೆ ಎದೆ ನಡುಗುತ್ತದೆ. ಪುಟಪುಟಕ್ಕೂ ಕೇಳಿದರೆ ಕಿವಿ ಮರಗಟ್ಟುತ್ತದೆ. ಮಗ್ಗುಲಲ್ಲಿ ಎಂಟನೇ ತರಗತಿಯ ಹುಡುಗ ಕೂತಿದ್ದರೆ ಆ ಸಂಚಿಕೆಗಳನ್ನು ಅವನ ಕೈಗೆ ಕೊಡಲು ನನಗೆ ಮನಸ್ಸಾಗುವುದಿಲ್ಲ. ಡ್ರಗೊಟ್ಟಾ ಅವರ ಗೆರೆಯ ಬಗ್ಗೆ ಮಾತ್ರ ಎರಡು ಮಾತಿಲ್ಲ. ಬಾಗಿಲಿನಷ್ಟು ಅಗಲದ ಮೈ, ಎದೆಯ ಮೇಲಿನ ಲಾಂಛನವೇ ಕಳಚಿ ಕೊಡಲಿಯಾಗುವ ಬಗೆ, ಚಿಕ್ಕ ಚೌಕಟ್ಟುಗಳ ಸಾಲು ಒಮ್ಮೆಲೇ ಒಡೆದು ಇಡೀ ಪುಟ ತುಂಬುವ ಚಿತ್ರ: ಇವೆಲ್ಲ ಪುಟ ತಿರುಗಿಸುವ ಬೆರಳಿನ ವೇಗವನ್ನೇ ತಮ್ಮ ಹಿಡಿತಕ್ಕೆ ತೆಗೆದುಕೊಳ್ಳುತ್ತವೆ.

2024ರ ಜನವರಿಯಲ್ಲಿ ಶುರುವಾದ 'ಅಲ್ಟಿಮೇಟ್ ಸ್ಪೈಡರ್‌ಮನ್' ನನಗೆ ಇನ್ನೂ ಹೆಚ್ಚು ಹಿಡಿಸಿದ ಪುಸ್ತಕ. ಜೊನಾಥನ್ ಹಿಕ್‌ಮನ್ ಬರೆದ ಈ ಕಥೆಯಲ್ಲಿ ಪೀಟರ್ ಪಾರ್ಕರ್ ಶಾಲಾ ಹುಡುಗನಲ್ಲ. ಮದುವೆಯಾಗಿ ಇಬ್ಬರು ಮಕ್ಕಳ ತಂದೆಯಾದ ಗೃಹಸ್ಥ. ಹದಿಹರೆಯದಲ್ಲಿ ಕಚ್ಚಬೇಕಿದ್ದ ಜೇಡ ಅವನನ್ನು ಕಚ್ಚಲಿಲ್ಲ, ಯಾರೋ ಆ ಭಾಗ್ಯವನ್ನು ಕದ್ದಿದ್ದರು. ನಡುವಯಸ್ಸಿನ ಹೊಸ್ತಿಲಲ್ಲಿ ಅದು ಮರಳಿ ಸಿಕ್ಕಾಗ ಅವನು ಮೊದಲು ಯೋಚಿಸುವುದು ಮನೆಯವರ ಬಗ್ಗೆ. ಸ್ಪೈಡರ್‌ಮನ್ ಕಥೆಗಳಲ್ಲಿ ಸಾಮಾನ್ಯವಾಗಿ ಸಾಯುವ ಚಿಕ್ಕಪ್ಪ ಬೆನ್ ಇಲ್ಲಿ ಬದುಕಿದ್ದಾನೆ. ತಾನು ದುಡಿಯುತ್ತಿದ್ದ ಪತ್ರಿಕೆಯ ಮಾಲೀಕರ ಜೊತೆ ಮುರಿದುಕೊಂಡು ಸಹೋದ್ಯೋಗಿ ಜೇಮ್ಸನ್ ಜೊತೆ ಸ್ವಂತ ಪತ್ರಿಕೆ ಹೊರಡಿಸುತ್ತಾನೆ. ಮಾರ್ಕೊ ಚೆಕೆಟ್ಟೊ ಅವರ ಚಿತ್ರಗಳಲ್ಲಿ ಊಟದ ಮೇಜಿನ ಮಾತುಕತೆಗೂ ಛಾವಣಿಯ ಮೇಲಿನ ಹೊಡೆದಾಟಕ್ಕೂ ಒಂದೇ ಗೌರವ. ಪುಸ್ತಕ ತಿಂಗಳಿಗೊಂದು ಬಂದರೆ ಕಥೆಯೊಳಗೂ ಒಂದು ತಿಂಗಳು ಕಳೆದಿರುತ್ತದೆ. ಹಾಗಾಗಿ ಮಕ್ಕಳು ಬೆಳೆಯುವುದು, ಗಂಡಹೆಂಡಿರ ನಡುವಿನ ಗುಟ್ಟು ಬಯಲಾಗುವುದು ಎಲ್ಲವೂ ನಮ್ಮ ಕ್ಯಾಲೆಂಡರ್‌ನ ಜೊತೆಗೇ ನಡೆಯುತ್ತದೆ. ನಿಧಾನ ಎಂದು ದೂರುವವರಿದ್ದಾರೆ. ನನಗೆ ಆ ನಿಧಾನವೇ ಬೇಕು.

ಮೂರನೆಯದು ರಹಸ್ಯಕಥೆ. 2025ರ ಮಾರ್ಚ್‌ನಲ್ಲಿ ಬಂದ 'ಅಬ್ಸಲ್ಯೂಟ್ ಮಾರ್ಷಿಯನ್ ಮ್ಯಾನ್‌ಹಂಟರ್'. ಬರೆದವರು ಡೆನಿಜ್ ಕ್ಯಾಂಪ್, ಚಿತ್ರ ಹಾವಿಯೆರ್ ರೊಡ್ರಿಗೆಜ್ ಅವರದು. ಜಾನ್ ಜೋನ್ಸ್ ಎಂಬ ಎಫ್‌ಬಿಐ ಅಧಿಕಾರಿ ಬಾಂಬ್ ಸ್ಫೋಟದಿಂದ ಪಾರಾಗಿ ಕೆಲಸಕ್ಕೆ ಮರಳುತ್ತಾನೆ. ಆಮೇಲೆ ಅವನಿಗೆ ಜನರ ಮನಸ್ಸಿನೊಳಗಿನ ಯೋಚನೆಗಳು ಬಣ್ಣದ ಹೊಗೆಯಾಗಿ ಕಾಣತೊಡಗುತ್ತವೆ. ತಲೆಯೊಳಗೆ ಒಬ್ಬ ಹಸಿರು ಅನ್ಯಗ್ರಹವಾಸಿ ಮಾತಾಡುತ್ತಾನೆ. ಅಪರಾಧಿ ಯಾರು ಎಂಬುದಕ್ಕಿಂತ, ಸಾಮಾನ್ಯ ಮನುಷ್ಯನ ಎದೆಗೆ ದ್ವೇಷ ಎಲ್ಲಿಂದ ಇಳಿಯಿತು ಎಂಬುದೇ ಇಲ್ಲಿಯ ಪತ್ತೇದಾರಿಕೆ. ಬಣ್ಣವೇ ಸಾಕ್ಷಿಯಾಗುವ ಇಂಥ ಕಥೆಯನ್ನು ಚಿತ್ರವಿಲ್ಲದೆ ಹೇಳಲಾಗದು. ಈಚೆಗೆ ಓದಿದ್ದರಲ್ಲಿ ಇದೇ ಅತ್ಯುತ್ತಮ ಎನ್ನಲು ನನಗೆ ಹಿಂಜರಿಕೆಯಿಲ್ಲ.

ಸೂಪರ್‌ಹೀರೊ ಮತ್ತು ಪತ್ತೇದಾರಿ ಎರಡು ಬೇರೆ ಜಾತಿ ಎಂದುಕೊಳ್ಳುವವರು ಒಂದು ಸಂಗತಿ ಗಮನಿಸಬೇಕು. ಸೂಪರ್‌ಮನ್ ಕಾಣಿಸಿಕೊಂಡದ್ದು 1938ರಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ 'ಡಿಟೆಕ್ಟಿವ್ ಕಾಮಿಕ್ಸ್' ಎಂಬ ಮಾಸಿಕ ಶುರುವಾಗಿತ್ತು. ಅದರ 27ನೇ ಸಂಚಿಕೆಯಲ್ಲಿ, 1939ರ ಮೇ ತಿಂಗಳಲ್ಲಿ, ಬ್ಯಾಟ್‌ಮನ್ ಹುಟ್ಟಿದ. ಮಾರ್ಷಿಯನ್ ಮ್ಯಾನ್‌ಹಂಟರ್ ಕೂಡ 1955ರಲ್ಲಿ ಅದೇ ಪತ್ರಿಕೆಯಲ್ಲಿ ಪೊಲೀಸ್ ಪತ್ತೇದಾರನ ವೇಷದಲ್ಲೇ ಬಂದವನು. ಮುಸುಕು ಹಾಕಿದ ವೀರ ಆಮೇಲೆ ಹಾರಲು ಕಲಿತ. ಮೊದಲು ಅವನು ಸುಳಿವು ಹುಡುಕುತ್ತಿದ್ದ.

ಸುಳಿವು ಎಂಬುದು ಕಾಮಿಕ್‌ನಲ್ಲಿ ಕೆಲಸ ಮಾಡುವ ರೀತಿಯೇ ಬೇರೆ. ಕಾದಂಬರಿಕಾರ ಮೇಜಿನ ಮೇಲಿನ ಕೀಲಿಕೈಯನ್ನು ತೋರಿಸಬೇಕಾದರೆ 'ಕೀಲಿಕೈ' ಎಂದು ಬರೆಯಲೇಬೇಕು, ಬರೆದ ಕೂಡಲೇ ಚುರುಕು ಓದುಗ ಎಚ್ಚೆತ್ತುಕೊಳ್ಳುತ್ತಾನೆ. ಸಿನಿಮಾದಲ್ಲಿ ಕೀಲಿಕೈ ಒಂದು ಕ್ಷಣ ಹೊಳೆದು ಮಾಯವಾಗುತ್ತದೆ, ನೋಡುಗನಿಗೆ ತಡೆದು ನಿಲ್ಲಿಸುವ ಅಧಿಕಾರವಿಲ್ಲ. ಕಾಮಿಕ್‌ನಲ್ಲಿ ಕೀಲಿಕೈ ಚಿತ್ರದ ಮೂಲೆಯಲ್ಲಿ ಸುಮ್ಮನೆ ಬಿದ್ದಿರಬಹುದು. ಅದರ ಬಗ್ಗೆ ಯಾರೂ ಮಾತಾಡಬೇಕಿಲ್ಲ. ಓದುಗ ದಾಟಿ ಹೋಗುತ್ತಾನೆ, ಹತ್ತು ಪುಟದ ಮೇಲೆ ಬೆಚ್ಚಿ, ಬೆರಳಿಟ್ಟುಕೊಂಡು ಹಿಂದಕ್ಕೆ ಬರುತ್ತಾನೆ: ಹೌದು, ಅದು ಮೊದಲಿನಿಂದಲೂ ಅಲ್ಲೇ ಇತ್ತು! ಚಿತ್ರಕಾರ ಮೋಸ ಮಾಡಿಲ್ಲ, ತಾನೇ ನೋಡಲಿಲ್ಲ. ಈ ಪ್ರಾಮಾಣಿಕ ಆಟವೇ ರಹಸ್ಯ ಕಾಮಿಕ್‌ನ ಸೊಗಸು. ಎರಡು ಚೌಕಟ್ಟುಗಳ ನಡುವಿನ ಬಿಳಿ ಜಾಗದಲ್ಲಿ ಏನು ನಡೆಯಿತೆಂದು ಊಹಿಸುವವನೂ ಓದುಗನೇ. ಕೊಲೆ ಆ ಬಿಳಿಯಲ್ಲೇ ನಡೆದುಹೋಗಿರುತ್ತದೆ.

ಈಗಿನ ಪುಸ್ತಕಗಳಲ್ಲಿ ನನ್ನನ್ನು ಕೆರಳಿಸುವುದು ಈ ಆಟ ಕೆಡಿಸುವ ವ್ಯಾಪಾರ. ಒಂದು ಕಥೆ ಅರ್ಥವಾಗಲು ಇನ್ನಾರು ಪುಸ್ತಕಗಳನ್ನು ಕೊಳ್ಳಿರಿ ಎನ್ನುವ ಮಹಾಮೇಳಗಳು, ಒಂದೇ ಸಂಚಿಕೆಗೆ ಹತ್ತಾರು ಬಗೆಯ ಮುಖಪುಟಗಳು, ಸತ್ತವರು ಮೂರನೇ ತಿಂಗಳಿಗೆ ಎದ್ದು ಬರುವುದು. ಇಪ್ಪತ್ತು ಚಿಲ್ಲರೆ ಪುಟದ ಸಂಚಿಕೆಗೆ ನಾಲ್ಕೈದು ಡಾಲರ್. ನಮ್ಮ ಜಿಲ್ಲೆಯ ಓದುಗ ಬಿಡಿ ಸಂಚಿಕೆಗಳ ಗೊಡವೆಗೇ ಹೋಗುವುದಿಲ್ಲ. ಐದಾರು ಸಂಚಿಕೆ ಸೇರಿಸಿ ಹೊಲಿದ ಸಂಪುಟ ಬರುವವರೆಗೆ ಕಾಯುತ್ತಾನೆ, ಇಲ್ಲವೇ ಮೊಬೈಲಿನ ಪುಟ್ಟ ಪರದೆಯಲ್ಲಿ ಓದುತ್ತಾನೆ. ಪರದೆಯಲ್ಲಿ ಒಂದೊಂದೇ ಚೌಕಟ್ಟು ಕಾಣುವುದರಿಂದ ಇಡೀ ಪುಟದ ವಿನ್ಯಾಸ ಕಳೆದುಹೋಗುತ್ತದೆ. ರೊಡ್ರಿಗೆಜ್ ಅವರ ಪುಟಗಳನ್ನು ಹಾಗೆ ಓದುವುದು ನಿಜಕ್ಕೂ ನಷ್ಟ. ಮತ್ತು ಇದೆಲ್ಲವೂ ಇಂಗ್ಲಿಷಿನಲ್ಲಿ. ಈ ಮಾತನ್ನು ಹಾಗೇ ಬಿಟ್ಟು ಮುಂದೆ ಹೋಗಲು ನನಗೆ ಆಗುವುದಿಲ್ಲ. ಏಕೆಂದರೆ ಒಂದು ಕಾಲದಲ್ಲಿ ಹೀಗಿರಲಿಲ್ಲ.

'ಚಂದಮಾಮ' ಕನ್ನಡಕ್ಕೆ ಬಂದದ್ದು 1949ರಲ್ಲಿ. ಅದು ಕಾಮಿಕ್ ಅಲ್ಲ, ಆದರೆ ಕಥೆಯನ್ನು ಚಿತ್ರದ ಕಣ್ಣಿಂದ ಓದಲು ಕಲಿಸಿದ್ದು ಅದೇ. ಹೆಗಲ ಮೇಲೆ ಹೆಣ ಹೊತ್ತು, ಕತ್ತಿ ಹಿರಿದು ನಡೆಯುವ ವಿಕ್ರಮನನ್ನು ಬರೆದ ಶಂಕರ್ ಅವರ ಹೆಸರು ತಿಳಿಯದವರಿಗೂ ಆ ಚಿತ್ರ ಮರೆಯದು. ಬೇತಾಳನ ಪ್ರತಿ ಕಥೆಯೂ ಒಗಟಿನಲ್ಲಿ ಮುಗಿಯುತ್ತಿತ್ತು, ಉತ್ತರ ಹೇಳುವ ಮೊದಲು ಓದುಗನೂ ಯೋಚಿಸಬೇಕಿತ್ತು. 1964ರ ಮಾರ್ಚ್‌ನಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 'ಇಂದ್ರಜಾಲ ಕಾಮಿಕ್ಸ್' ಹೊರಡಿಸಿತು. ಅದು ಕನ್ನಡದಲ್ಲೂ ಬಂತು. ಮೊದಲ ಮೂವತ್ತೆರಡು ಸಂಚಿಕೆಗಳೂ ಲೀ ಫಾಕ್ ಅವರ ಫ್ಯಾಂಟಮ್‌ನವು. ಅಮೆರಿಕದಲ್ಲಿ 1936ರಲ್ಲಿ ಹುಟ್ಟಿದ ಫ್ಯಾಂಟಮ್‌ಗೆ ಯಾವ ದೈವಿಕ ಶಕ್ತಿಯೂ ಇಲ್ಲ. ತಂದೆಯಿಂದ ಮಗನಿಗೆ ಇಳಿದು ಬಂದ ಒಂದು ಪ್ರತಿಜ್ಞೆ, ತಲೆಬುರುಡೆಯ ಉಂಗುರ, ಒಂದು ಬಿಳಿ ಕುದುರೆ, ಒಂದು ತೋಳ, ಮತ್ತು ಅವನಿಗೆ ಸಾವೇ ಇಲ್ಲವೆಂದು ನಂಬಿದ ಕಾಡಿನ ಜನ. 1965ರ ಜನವರಿಯಲ್ಲಿ ಶುರುವಾದ 'ಸುಧಾ' ವಾರಪತ್ರಿಕೆಯ ಪುಟಗಳಲ್ಲೂ ಫ್ಯಾಂಟಮ್ ವಾರವಾರ ಬರುತ್ತಿದ್ದ. ಪತ್ರಿಕೆ ಮನೆಗೆ ಬಂದೊಡನೆ ಆ ಪುಟಕ್ಕಾಗಿ ಅಣ್ಣತಮ್ಮಂದಿರ ನಡುವೆ ಎಳೆದಾಟ ನಡೆಯದ ಓದುವ ಮನೆ ಆ ಕಾಲದಲ್ಲಿ ಕಡಿಮೆ.

'ಇಂದ್ರಜಾಲ' ರೂಪಿಸುವಾಗ ಟೈಮ್ಸ್ ಸಂಸ್ಥೆಯಲ್ಲಿದ್ದವರು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ. ಮುಂದೆ 'ಅಮರ ಚಿತ್ರ ಕಥೆ' ಎಂದರೆ ಅವರೇ ಎಂಬಂತಾಯಿತು. ಆದರೆ ಆ ಹೆಸರಿನ ಮೊದಲ ಪುಸ್ತಕಗಳು ಬಂದದ್ದು ಇಂಗ್ಲಿಷಿನಲ್ಲಲ್ಲ, ಮುಂಬೈಯಲ್ಲೂ ಅಲ್ಲ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಹುಮ್ಮಸ್ಸಿನಿಂದ 1965ರಲ್ಲಿ ಕನ್ನಡದಲ್ಲಿ ಹೊರಬಂದವು. ಸಿಂಡ್ರೆಲಾ, ಪಿನೋಕಿಯೊ ಮುಂತಾದ ಪರದೇಶದ ಕಥೆಗಳ ಹತ್ತು ಪುಸ್ತಕಗಳು. ಅದಕ್ಕೇ ಪೈ ಅವರ ಇಂಗ್ಲಿಷ್ ಸರಣಿಯ ಮೊದಲ ಪುಸ್ತಕವಾದ 'ಕೃಷ್ಣ'ದ ಮೇಲೆ 11 ಎಂಬ ಸಂಖ್ಯೆಯಿದೆ. ದೇಶದ ಅತಿ ಪ್ರಸಿದ್ಧ ಚಿತ್ರಕಥಾ ಮಾಲೆ ಕನ್ನಡದಲ್ಲಿ ಕಣ್ಣುಬಿಟ್ಟಿತು ಎಂಬುದನ್ನು ನಮ್ಮ ಶಾಲೆಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ. ಹೇಳಿಕೊಡಬೇಕು.

ಆಮೇಲಿನ ತಲೆಮಾರಿಗೆ ಸಿಕ್ಕವನು 'ಬಾಲಮಂಗಳ'ದ ಡಿಂಗ. 1983ರಲ್ಲಿ ಮಲಯಾಳದಲ್ಲಿ ಹುಟ್ಟಿ ಕನ್ನಡಕ್ಕೆ ಬಂದ ಒಂದು ಇಲಿ. ಅನ್ಯಗ್ರಹದವರು ಹೊತ್ತೊಯ್ದು ಪ್ರಯೋಗ ಮಾಡಿದ್ದರಿಂದ ಅವನಿಗೆ ಅಪಾರ ಶಕ್ತಿ ಬಂತು, ಬೆನ್ನಿಗೆ ಕೆಂಪು ಹೊದಿಕೆ ಕಟ್ಟಿಕೊಂಡು ಕಾಡಿನ ದುರ್ಬಲ ಪ್ರಾಣಿಗಳನ್ನು ಕಾಪಾಡುತ್ತಿದ್ದ. ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ಹಗ್ಗಕ್ಕೆ ತೂಗುಬಿಟ್ಟಿದ್ದ ಸಂಚಿಕೆಗಳಿಗೆ ಕಾಯುತ್ತಿದ್ದ ಮಕ್ಕಳಲ್ಲಿ ಹೊಳೆನರಸೀಪುರದವರೂ ಇದ್ದರು, ಅರಕಲಗೂಡಿನವರೂ ಇದ್ದರು. ಈಗ ನಲವತ್ತು ದಾಟಿದ ಆ ಮಕ್ಕಳ ಎದುರು ಡಿಂಗನ ಹೆಸರೆತ್ತಿ ನೋಡಿ, ಅವರ ಮುಖವೇ ಬದಲಾಗುತ್ತದೆ. ಸ್ಪೈಡರ್‌ಮನ್‌ನನ್ನೂ ಸೂಪರ್‌ಮನ್‌ನನ್ನೂ ಅವರು ಅರ್ಥ ಮಾಡಿಕೊಂಡದ್ದು ಡಿಂಗನ ಮೂಲಕ.

ಪತ್ತೇದಾರಿಯ ಕಡೆಗೆ ನೋಡಿದರೆ ಕನ್ನಡ ಇನ್ನೂ ಸಿರಿವಂತ. ನಾಲ್ಕನೇ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯ 1952ರಲ್ಲಿ 'ಪತ್ತೇದಾರ ಪುರುಷೋತ್ತಮ' ಬರೆದರು. ಅಲ್ಲಿಂದ ಮುಂದೆ ಐನೂರಕ್ಕೂ ಹೆಚ್ಚು ಕಾದಂಬರಿಗಳು. ಅಕ್ಷರ ಕೂಡಿಸಿ ಓದಲು ಆಗತಾನೇ ಕಲಿತವರು ಪುಸ್ತಕ ಓದುವ ಚಟಕ್ಕೆ ಬಿದ್ದದ್ದು ಅವರಿಂದ. ದಿನಕ್ಕಿಷ್ಟು ಬಾಡಿಗೆಯ ಪುಸ್ತಕದಂಗಡಿಗಳು ಸಣ್ಣ ಊರುಗಳಲ್ಲಿ ಬದುಕಿದ್ದೂ ಅವರಂಥವರ ಬಲದಿಂದ. ಕನ್ನಡದ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿ ಅವರೂ ಪತ್ತೇದಾರಿ ಕಾದಂಬರಿಕಾರರೇ. ಬೆಂಗಳೂರಿನ ಕನ್ನಡ ಚಳವಳಿಯಲ್ಲಿ ಅವರ ಜೊತೆಗಿದ್ದ ಅನಕೃ ಅವರ ಹೆಸರಿನ ಮೊದಲಕ್ಷರ ಅರಕಲಗೂಡಿನದು. ಜನಪ್ರಿಯ ಓದನ್ನು ಕೀಳೆಂದು ಕಾಣದೆ, ಓದುಗ ಹೆಚ್ಚಿದರೆ ಭಾಷೆ ಉಳಿಯುತ್ತದೆ ಎಂದು ನಂಬಿದ ಪೀಳಿಗೆ ಅದು. ಬೆಳ್ಳಿತೆರೆಯಲ್ಲಿ ರಾಜ್‌ಕುಮಾರ್ 1968ರ 'ಜೇಡರ ಬಲೆ'ಯಿಂದ ಸಿಐಡಿ 999 ಆದರು. 2019ರ 'ಬೆಲ್ ಬಾಟಂ'ನಲ್ಲಿ ರಿಷಬ್ ಶೆಟ್ಟಿ ಮಾಡಿದ ಡಿಟೆಕ್ಟಿವ್ ದಿವಾಕರ ಇಂಥ ಕಾದಂಬರಿ, ಸಿನಿಮಾಗಳ ಗುಂಗಿನಲ್ಲೇ ಬೆಳೆದ ಹುಡುಗ. ಆ ಚಿತ್ರ ಗೆದ್ದದ್ದು ನೋಡುಗರೂ ಅದೇ ಗುಂಗಿನಲ್ಲಿ ಬೆಳೆದವರಾಗಿದ್ದರಿಂದ.

ಇಷ್ಟೆಲ್ಲ ಇದ್ದೂ ಒಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. ಪತ್ತೇದಾರಿ ಕಥೆ ನಮ್ಮದೇ ಆಯಿತು, ಚಿತ್ರ ಮಾತ್ರ ಎರವಲಾಗಿಯೇ ಉಳಿಯಿತು. ಫ್ಯಾಂಟಮ್ ಅಮೆರಿಕದಿಂದ, ಡಿಂಗ ಕೇರಳದಿಂದ, 'ಚಂದಮಾಮ' ಮದ್ರಾಸಿನಿಂದ. ಕನ್ನಡದ ಪತ್ತೇದಾರ ಪುರುಷೋತ್ತಮ ಮುಖಪುಟದ ಮೇಲೆ ಒಮ್ಮೆ ಕಾಣಿಸಿಕೊಂಡು ಅಕ್ಷರಗಳೊಳಗೆ ಮರೆಯಾದ, ಚೌಕಟ್ಟಿನಿಂದ ಚೌಕಟ್ಟಿಗೆ ನಡೆಯಲಿಲ್ಲ.

ಚಿತ್ರದಲ್ಲಿ ಕಥೆ ಹೇಳುವ ಕಲೆ ನಮಗೆ ಹೊಸದಾಗಿದ್ದರೆ ಈ ಕೊರತೆಯನ್ನು ಒಪ್ಪಿಕೊಳ್ಳಬಹುದಿತ್ತು. ಹಾಸನ ಜಿಲ್ಲೆಯಲ್ಲಿ ನಿಂತು ಆ ಮಾತು ಹೇಳುವುದು ಸಾಧ್ಯವೇ ಇಲ್ಲ. ಊರಾಚೆಯ ಗುಡಿಯ ಪಕ್ಕದಲ್ಲೋ ಕೆರೆಯ ಏರಿಯ ಮೇಲೋ ನಿಂತಿರುವ ವೀರಗಲ್ಲನ್ನು ಕಾಮಿಕ್ ಓದುವ ಕಣ್ಣಿನಿಂದ ನೋಡಿ. ಸಾಮಾನ್ಯವಾಗಿ ಮೂರು ಅಂತಸ್ತು, ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಚೌಕಟ್ಟಿನಲ್ಲಿ ಕಾಳಗ: ಊರಿನ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರ ಎದುರು ಬಿಲ್ಲು ಎಳೆದು ನಿಂತವನು, ಸುತ್ತ ನೆಲಕ್ಕುರುಳಿದವರು. ನಡುವಿನ ಚೌಕಟ್ಟಿನಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಅವನ ಸಾವು ಎಲ್ಲೂ ಕೆತ್ತಿಲ್ಲ. ಅದು ಮೊದಲ ಮತ್ತು ಎರಡನೇ ಚೌಕಟ್ಟಿನ ನಡುವೆ ಆಗಿಹೋಗಿದೆ. ಅದೇ ನಡುವಿನ ಪಟ್ಟಿಯ ಮೇಲೆ ಯಾರು, ಯಾವಾಗ, ಯಾರಿಗಾಗಿ ಕಾದಿದ ಎಂಬ ಬರಹ. ಕಾಮಿಕ್‌ನ ಇಡೀ ವ್ಯಾಕರಣ ಒಂದು ಕಲ್ಲಿನಲ್ಲಿದೆ. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟದಲ್ಲಿ ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳ ಶಾಸನಗಳಿವೆ. ಪುಟ ತಿರುವಿದರೆ ಊರಿಗಾಗಿ ಸತ್ತ ಸಾಮಾನ್ಯರ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ.

ಫ್ಯಾಂಟಮ್‌ನ ತೋಳವನ್ನು ಮೆಚ್ಚಿದವರು ಆತಕೂರಿನ ಕಲ್ಲಿನ ಬಗ್ಗೆಯೂ ತಿಳಿಯಬೇಕು. ಮಂಡ್ಯ ಜಿಲ್ಲೆಯ ಮದ್ದೂರಿನ ಕಡೆಯ ಈ ಶಾಸನ ಸುಮಾರು 949ರದು, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧದಲ್ಲಿ ಸಾಹಸ ಮೆರೆದ ಮಣಲೇರನಿಗೆ ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣ ಏನು ಬೇಕೋ ಕೇಳು ಎಂದಾಗ, ಅವನು ಕೇಳಿದ್ದು ಭೂಮಿಯನ್ನಲ್ಲ, ದೊರೆಯ ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೊಮ್ಮೆ ಕಾಡುಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟು, ಹಂದಿಯ ಮೇಲೆ ಎರಗಿದ ನಾಯಿಯನ್ನು ಕೆತ್ತಿಸಿದರು. ಇದಕ್ಕೆ ಸರಿಸಾಟಿಯಾದ ಕಥೆ ಯಾವ ಕಾಮಿಕ್ ಕಂಪನಿಯ ಬೊಕ್ಕಸದಲ್ಲೂ ಇಲ್ಲ.

ಇನ್ನು ಹೊಯ್ಸಳರದು ಹುಲಿಯನ್ನು ಇರಿಯುವ ಸಳನ ಲಾಂಛನ, ಆ ಲಾಂಛನಕ್ಕೊಂದು ಹುಟ್ಟಿನ ಕಥೆ. ಎದೆಯ ಮೇಲೆ ಚಿಹ್ನೆ ಹಾಕಿಕೊಂಡ ವೀರರನ್ನು ಅರ್ಥ ಮಾಡಿಕೊಳ್ಳಲು ನಮಗೆ ಇದಕ್ಕಿಂತ ಬೇರೇನು ಬೇಕು? ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಸುತ್ತ ರಾಮಾಯಣ, ಮಹಾಭಾರತ ಸಾಲಾಗಿ ಸಾಗುತ್ತವೆ. ಪ್ರದಕ್ಷಿಣೆ ಹಾಕುವವನ ಕಾಲೇ ಅಲ್ಲಿ ಪುಟ ತಿರುಗಿಸುವ ಬೆರಳು. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋದರೆ ಇನ್ನೊಂದು ಅಚ್ಚರಿ. 1246ರ ಲಕ್ಷ್ಮೀನರಸಿಂಹ ಗುಡಿಯ ದಕ್ಷಿಣದ ಮಗ್ಗುಲಿನ ಶಿಲ್ಪಗಳು ಬೈಚೋಜನವು, ಉತ್ತರದವು ಮಲ್ಲಿತಮ್ಮನವು. ಇಬ್ಬರ ಸಹಿಗಳೂ ಇವೆ. ಒಬ್ಬನದು ಅಳತೆ ತಪ್ಪದ ಗಾಂಭೀರ್ಯ, ಇನ್ನೊಬ್ಬನದು ಚಟುವಟಿಕೆ, ಚೇಷ್ಟೆ. ಕಾಮಿಕ್ ಓದುವವರು ಚಿತ್ರಕಾರ ಬದಲಾದರೆ ಮೊದಲ ಪುಟದಲ್ಲೇ ಗುರುತಿಸುತ್ತಾರೆ. ಆ ಕಣ್ಣಿಗೆ ನುಗ್ಗೇಹಳ್ಳಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಮಕ್ಕಳನ್ನು ಅಲ್ಲಿಗೆ ಪ್ರವಾಸ ಕರೆದೊಯ್ಯುವ ಮೇಷ್ಟ್ರುಗಳು ಇಸವಿ ಹೇಳಿ ಮುಗಿಸದೆ, ಇಬ್ಬರ ಕೈಯ ವ್ಯತ್ಯಾಸ ಹುಡುಕಿಸಿದರೆ ಅದೇ ಒಂದು ಪತ್ತೇದಾರಿಕೆ.

ಹಾಗಾದರೆ ತಡೆದಿರುವುದು ಏನು? ಕಲಾವಿದರಿಲ್ಲವೆಂದು ಹೇಳುವಂತಿಲ್ಲ. 2004ರಲ್ಲಿ 'ಸ್ಪೈಡರ್‌ಮನ್: ಇಂಡಿಯಾ' ಬಂದಾಗ ಪಂಚೆಯುಟ್ಟ ಪವಿತ್ರ ಪ್ರಭಾಕರನನ್ನು ಚಿತ್ರಿಸಿದವರು ಬೆಂಗಳೂರಿನ ಜೀವನ್ ಕಾಂಗ್. ಅದೇ ಪವಿತ್ರ 2023ರಲ್ಲಿ 'ಸ್ಪೈಡರ್‌ಮನ್: ಅಕ್ರಾಸ್ ದ ಸ್ಪೈಡರ್‌ವರ್ಸ್' ಚಿತ್ರದಲ್ಲಿ ಜಗತ್ತಿನ ಮುಂದೆ ಬಂದ. ಆ ಚಿತ್ರ ಕನ್ನಡದಲ್ಲೂ ಮಾತಾಡಿತು. ಎರಡು ಗಂಟೆಯ ಚಿತ್ರಕ್ಕೆ ಕನ್ನಡದ ದನಿ ಸಿಕ್ಕಿತು, ಇಪ್ಪತ್ತು ಪುಟದ ಪುಸ್ತಕಕ್ಕೆ ಸಿಗಲಿಲ್ಲ. ಮಾರುಕಟ್ಟೆ ಚಿಕ್ಕದು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ತಮಿಳುನಾಡಿನ ಶಿವಕಾಶಿಯಲ್ಲಿ 1972ರಲ್ಲಿ 'ಮುತ್ತು ಕಾಮಿಕ್ಸ್', 1984ರಲ್ಲಿ 'ಲಯನ್ ಕಾಮಿಕ್ಸ್' ಶುರುವಾದವು. ಇಟಲಿಯ ಟೆಕ್ಸ್ ವಿಲ್ಲರ್‌ನಂಥ ವೀರರು ಇಂದಿಗೂ ಅಲ್ಲಿ ತಮಿಳು ಮಾತಾಡುತ್ತಾರೆ, ಅಜ್ಜ ಓದಿದ ಮಾಲೆಯನ್ನು ಮೊಮ್ಮಗನೂ ಓದುತ್ತಾನೆ. ಅಲ್ಲಿ ಆಗಿದ್ದು ಇಷ್ಟೇ: ಒಂದು ಪ್ರಕಾಶನ ಮನೆ ಹಟ ಹಿಡಿದು ನಿಂತಿತು, ಓದುಗರು ಅದರ ಕೈಬಿಡಲಿಲ್ಲ.

ಚಿತ್ರ ಬರೆಯುವುದು ನಿಧಾನದ, ಖರ್ಚಿನ ಕೆಲಸ ಎಂಬುದು ನಿಜ. ಒಂದು ಪುಟಕ್ಕೆ ಸೀಸದ ಕಡ್ಡಿಯ ಕರಡು, ಶಾಯಿ, ಬಣ್ಣ, ಅಕ್ಷರ ಎಲ್ಲ ಸೇರಿ ಒಬ್ಬರೇ ಕೂತರೆ ದಿನಗಳೇ ಹಿಡಿಯುತ್ತವೆ. ಕಾದಂಬರಿಕಾರ ಸಂಬಳದ ಕೆಲಸ ಮಾಡುತ್ತ ರಾತ್ರಿ ಬರೆಯಬಹುದು. ಕಾಮಿಕ್ ಕಲಾವಿದನಿಗೆ ಹಗಲೂ ಬೇಕು. ಆ ಹಗಲಿಗೆ ಹಣ ಕೊಡುವವರು ಕನ್ನಡದಲ್ಲಿ ಇಲ್ಲದ್ದರಿಂದ ಅವರು ಜಾಹೀರಾತಿಗೋ, ವಿಡಿಯೊ ಗೇಮ್‌ಗೋ, ಹೊರದೇಶದ ಕಂಪನಿಗಳಿಗೋ ಗೆರೆ ಎಳೆಯುತ್ತಾರೆ. ಓದುಗರಿಗೆ ತಲುಪಿಸುವ ದಾರಿಯಂತೂ ಸಿದ್ಧವಾಗಿದೆ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅರಿವು ಕೇಂದ್ರಗಳೆಂದು ಹೆಸರು. ಮಕ್ಕಳನ್ನು ಅಲ್ಲಿಗೆ ಸೆಳೆಯಲು 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮವೂ ಶುರುವಾಯಿತು. ಪ್ರತಿ ಕೇಂದ್ರ ಒಂದೊಂದು ಪ್ರತಿ ಕೊಂಡರೂ ಐದು ಸಾವಿರ ಪ್ರತಿ ಅಚ್ಚಿನ ಮನೆಯಿಂದಲೇ ಹೊರಟುಹೋಗುತ್ತವೆ.

ಕಥೆಗೆ ನೆಲ ಬೇಕೆಂದರೆ ಇಲ್ಲೇ ಇದೆ. ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ ಚರ್ಚ್, ಗೊರೂರಿನ ಹೇಮಾವತಿ ಜಲಾಶಯ ಬಂದ ಮೇಲೆ ಮಳೆಗಾಲದಲ್ಲಿ ಮುಳುಗುತ್ತದೆ, ಬೇಸಿಗೆಯಲ್ಲಿ ಏಳುತ್ತದೆ. ವರ್ಷದಲ್ಲಿ ಕೆಲವೇ ತಿಂಗಳು ಕಾಲಿಡಬಹುದಾದ ಜಾಗದಲ್ಲಿ ಸಿಕ್ಕ ಒಂದು ಸುಳಿವು, ನೀರು ಏರುವುದರೊಳಗೆ ಬಿಡಿಸಬೇಕಾದ ಒಗಟು: ಪತ್ತೇದಾರಿ ಕಥೆಗೆ ಗಡಿಯಾರವನ್ನು ಹೊಳೆಯೇ ಕಟ್ಟಿಕೊಟ್ಟಿದೆ. ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು ರಾತ್ರಿಯಿಡೀ ಉರಿಯುತ್ತವೆ, ರಾಮನಾಥಪುರದ ಹರಾಜು ಕಟ್ಟೆಯಲ್ಲಿ ಬೆಲೆ ಏರಿಳಿದಂತೆ ಮನೆಗಳ ಅದೃಷ್ಟವೂ ಏರಿಳಿಯುತ್ತದೆ. ಕೊಣನೂರಿನಲ್ಲಿ ಕಾವೇರಿಯ ಮೇಲೆ ತೂಗುಸೇತುವೆ. ಆಲೂರು, ಸಕಲೇಶಪುರದ ತೋಟಗಳಲ್ಲಿ ಆನೆ ಬಂತೆಂಬ ಸುದ್ದಿ. ಇಷ್ಟು ಗಟ್ಟಿಯಾದ ಊರುಗಳ ನಡುವೆ ಒಬ್ಬ ಪತ್ತೇದಾರಳನ್ನು ನಿಲ್ಲಿಸಿ. ತಾಲ್ಲೂಕು ಕಚೇರಿಯ ಹಳೆಯ ಭೂದಾಖಲೆ ಓದಬಲ್ಲವಳು, ಯಾವ ಗದ್ದೆ ಯಾವ ನೀರಿನಡಿ ಹೋಯಿತೆಂದು ಬಲ್ಲವಳು, ಹಾಸನದ ಕಡೆಯ ಮಾತನ್ನೇ ಆಡುವವಳು. ಹಾರುವ ಶಕ್ತಿ ಅವಳಿಗೆ ಬೇಡ.

ವಾರಪತ್ರಿಕೆಗಳು, ದಿನಪತ್ರಿಕೆಗಳ ಭಾನುವಾರದ ಪುರವಣಿಗಳು ವಾರಕ್ಕೆ ಒಂದೇ ಒಂದು ಪುಟ ಬಿಟ್ಟುಕೊಟ್ಟರೆ ಸಾಕು. ವರ್ಷಕ್ಕೆ 52 ಪುಟ, ಅಂದರೆ ಒಂದು ಪೂರ್ಣ ಪುಸ್ತಕ. 'ಸುಧಾ'ದ ಪುಟಗಳಲ್ಲಿ ಫ್ಯಾಂಟಮ್‌ಗೆ ಕಾದವರಿಗೆ ವಾರವಿಡೀ ಕಾಯುವುದು ಗೊತ್ತಿತ್ತು. ತಿಂಗಳಿಗೊಂದು ಸಂಚಿಕೆಗೆ ಕಾಯುವ ಇಂದಿನ ಹುಡುಗರಿಗೂ ಗೊತ್ತು. ಕಥೆ ಬರೆಯಬಲ್ಲವರು ಕನ್ನಡದಲ್ಲಿ ಧಾರಾಳವಾಗಿದ್ದಾರೆ. ಆದ್ದರಿಂದ ಸಂಪಾದಕರು ಮೊದಲು ಹುಡುಕಬೇಕಾದದ್ದು ಚಿತ್ರಕಾರರನ್ನು. ಹುಡುಕಿ, ಅವರ ಹೆಸರನ್ನು ಕಥೆಗಾರರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ, ಮೊದಲ ಹನ್ನೆರಡು ಪುಟಗಳ ಸಂಭಾವನೆಯನ್ನು ಮುಂಗಡವಾಗಿ ಕೊಡಬೇಕು.